ಮುಂದೆ ಕಿರೀಟ, ಹಿಂದೆ ಬಾಲ

ಗೊತ್ತಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹಿಡಿದು ಕರೆದರೆ ಈಗ ಅವನೇ ತಿರುಗಿ ನೋಡುವುದಿಲ್ಲ. ಯಾರು ಏನು ಹೇಳಲು ಬಾಯಿ ತೆರೆದರೂ ಅವರ ಮಾತು ಅರ್ಧ ದಾರಿಗೆ ಬರುವಷ್ಟರಲ್ಲಿ "ಗೊತ್ತು, ಗೊತ್ತು" ಎನ್ನುವುದು ಅವನ ಹುಟ್ಟುಗುಣ. ಒಮ್ಮೆ ನಲ್ಲಿ ರಿಪೇರಿಗೆ ಬಂದವನು, "ಸ್ವಾಮಿ, ಈ ತಿರುಪು ಮಾತ್ರ..." ಎಂದು ಶುರು ಮಾಡಿದ. "ಗೊತ್ತು" ಎಂದು ಗೊತ್ತಪ್ಪ ಅದೇ ತಿರುಪನ್ನು ತಿರುಗಿಸಿಯೇಬಿಟ್ಟ. ಕೆಳಗಿನ ಮನೆಯ ಓನರಮ್ಮನಿಗೆ ಅವತ್ತು ನಡುಮನೆಯಲ್ಲೇ ಸ್ನಾನವಾಯಿತು. ಅಂದಿನಿಂದ ಬೀದಿಗೆಲ್ಲ ಅವನು ಗೊತ್ತಪ್ಪ. ಅದರಲ್ಲಿ ಹಂಗಿಸುವಂಥದ್ದು ಏನಿದೆ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಹಾಗೆಂದು ಅವನಿಗೆ ಏನೂ ಬರುತ್ತಿರಲಿಲ್ಲ ಎನ್ನುವುದು ತಪ್ಪು. ಚಿತ್ರ ಬರೆಯುವುದು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಪ್ರೆಸ್ಸಿನಲ್ಲಿ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಅವನು ಸೋಪಿನ ಕವರು, ಫಿನೈಲ್ ಬಾಟಲಿಯ ಲೇಬಲ್ಲು, ಬೆಂಕಿಪೊಟ್ಟಣದ ಚಿತ್ರ ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದ. ಅವನು ಬರೆದ ಗುಲಾಬಿಯನ್ನು ಮೂಸಿ ನೋಡಿ ಸೋಪು ಕೊಂಡವರಿದ್ದಾರೆ. ಬೆಳಗಿನ ಬಿಸಿಲು ನೇರವಾಗಿ ಆ ಮೇಜಿನ ಮೇಲೆ ಬೀಳುತ್ತಿತ್ತು. ಹಾಗೆ ಬಿಸಿಲು ಬಿದ್ದ ಬಿಳಿ ಹಾಳೆಯ ಮುಂದೆ ಕೂತಾಗ ತಾನೊಬ್ಬ ಮನುಷ್ಯ ಎಂದು ಗೊತ್ತಪ್ಪನಿಗೆ ಅನ್ನಿಸುತ್ತಿತ್ತು. ಬೇರೆಲ್ಲಿಯೂ ಅನ್ನಿಸುತ್ತಿರಲಿಲ್ಲ.

ಆ ಮೇಜಿಗೇ ಈಗ ಸಂಚಕಾರ ಬಂದಿತ್ತು. ಪ್ರೆಸ್ಸಿನ ಮಾಲೀಕರು ಒಂದು ದಿನ ಅಳತೆ ಟೇಪು ಹಿಡಿದು ಬಂದು ಮೇಜನ್ನು ಉದ್ದಕ್ಕೆ, ಅಡ್ಡಕ್ಕೆ ಅಳೆದರು.

"ಹೊಸ ಕಟಿಂಗ್ ಮಷೀನು ಇಲ್ಲಿ ಸರಿಯಾಗಿ ಕೂರುತ್ತೆ" ಎಂದರು.

"ನಾನು ಸಾರ್?"

"ನೀವು ಬೈಂಡಿಂಗ್ ಕಡೆ ಹೋಗಿ. ಅಲ್ಲಿ ಅಂಟು ಹಚ್ಚೋಕೆ ಜನ ಸಾಲ್ತಿಲ್ಲ. ಈಗ ಯಾರ್ರೀ ಕೈಯಲ್ಲಿ ಚಿತ್ರ ಬರೆಸ್ತಾರೆ?"

ಬೈಂಡಿಂಗ್ ಎಂದರೆ ಹಿಂದುಗಡೆಯ ಕೋಣೆ. ಅಲ್ಲಿ ಕಿಟಕಿ ಇಲ್ಲ. ಅಂಟಿನ ವಾಸನೆ ಮೂಗಿಗೆ ಬಡಿದರೆ ಮನೆಗೆ ಹೋಗಿ ಊಟಕ್ಕೆ ಕೂತರೂ ಬಿಡುವುದಿಲ್ಲ. ಗೊತ್ತಪ್ಪನ ಮುಖ ನೋಡಿ ಮಾಲೀಕರಿಗೂ ಸ್ವಲ್ಪ ಪಾಪ ಅನ್ನಿಸಿತು.

"ಸರಿ, ಒಂದು ಮಾತು ಹೇಳ್ತೀನಿ. ಇವರ ಕೈಯಲ್ಲೇ ಬರೆಸಬೇಕು ಅಂತ ಹುಡುಕಿಕೊಂಡು ಬರೋ ಗಿರಾಕಿ ಒಬ್ಬನನ್ನ ತೋರಿಸಿ. ಆ ಕೆಲಸ ಗೆದ್ದರೆ ಮೇಜು ನಿಮ್ಮದು. ಸೋತರೆ ಅಂಟಿನ ಡಬ್ಬ ನಿಮ್ಮದು."

"ಗೊತ್ತು ಸಾರ್" ಎಂದ ಗೊತ್ತಪ್ಪ. ಏನು ಗೊತ್ತು ಎಂದು ಮಾಲೀಕರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎನ್ನುವ ಹಾಗೆ ಅದೇ ವಾರ ಗಿರಾಕಿ ಮನೆಗೇ ಬಂದರು. ಬಂದವರು ಅವನ ಮಾವ, ಹೆಣ್ಣು ಕೊಟ್ಟ ಮಾವ. ಅವರು ಪಕ್ಕದ ಬೀದಿಯ ಕ್ಲಬ್ಬಿನ ಅಧ್ಯಕ್ಷರು, ಇಸ್ಪೀಟಿನಲ್ಲಿ ಪಳಗಿದ ಕೈ. ಕೈಗೆ ಕಸ ಬಂದರೆ ಮುಗುಳ್ನಗುವುದು, ಒಳ್ಳೆಯ ಎಲೆ ಬಂದರೆ ನಿಟ್ಟುಸಿರು ಬಿಡುವುದು ಅವರ ಪದ್ಧತಿ. ಅವರ ಮುಖ ನೋಡಿಕೊಂಡು ಆಡಿದವರು ಯಾರೂ ಉದ್ಧಾರವಾಗಲಿಲ್ಲ. ಅಂಥವರು ಇವತ್ತು ನಿಜವಾಗಿಯೇ ನಿಟ್ಟುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದರು.

"ಅಳಿಯಂದ್ರೇ, ಕ್ಲಬ್ಬಿನ ಆಟದ ಕೋಣೆಗೆ ಬೀಗ ಬಿತ್ತು."

"ಯಾಕಪ್ಪಾ?" ಎಂದಳು ಒಳಗಿನಿಂದ ಬಂದ ಮಗಳು.

"ಹೊಸ ಲೈಸೆನ್ಸ್ ಸಾಹೇಬ್ರು ಬಂದಿದ್ದಾರಲ್ಲ, ಅವರಿಗೆ ಇಸ್ಪೀಟು ಅಂದ್ರೆ ಜೂಜೇ. ‘ಆ ಎಲೆ ಮೇಲಿರೋ ರಾಜನ ಮುಖ ನೋಡ್ರೀ, ಎಷ್ಟು ಮನೆ ಹಾಳು ಮಾಡಿದ್ದಾನೋ’ ಅಂದ್ರು. ಇದು ಬರೀ ಕಾಲಕ್ಷೇಪ ಸಾರ್, ಸಂಸಾರಸ್ಥರು ಆಡೋ ಆಟ ಅಂತ ಕೈಮುಗಿದೆ. ‘ಹಾಗಂತ ನನಗೆ ತೋರಿಸಿಕೊಡಿ, ಬೀಗ ತೆಗೀತೀನಿ’ ಅಂದ್ರು. ಹೇಗೆ ತೋರಿಸೋದು?"

ಅಷ್ಟು ಹೊತ್ತಿಗೆ ಓನರಮ್ಮನ ಬೆಕ್ಕು ಕಿಟಕಿಯಿಂದ ಒಳಗೆ ಇಳಿಯಿತು. ಅದರ ಹೆಸರು ಮರಿ. ಆ ಹೆಸರಿಟ್ಟ ಕಾಲ ಹಿಂದಾಗಿ, ಈಗ ಅದನ್ನು ಎತ್ತಬೇಕಾದರೆ ಮೊದಲು ಬಗ್ಗಿ ಸೊಂಟ ಗಟ್ಟಿ ಮಾಡಿಕೊಳ್ಳಬೇಕು. ಮರಿ ನಿಧಾನವಾಗಿ ನಡೆದು ಬಂದು, ಅಧ್ಯಕ್ಷರು ಬಿಚ್ಚಿಟ್ಟಿದ್ದ ಕೋಟಿನ ಮೇಲೆ ಕೂತು, ಅಧ್ಯಕ್ಷರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇವರ ಅರ್ಜಿ ತಿರಸ್ಕರಿಸಲಾಗಿದೆ ಎನ್ನುವ ಹಾಗೆ ಕಣ್ಣು ಮುಚ್ಚಿತು.

"ಬೆಕ್ಕು" ಎಂದ ಗೊತ್ತಪ್ಪ.

"ಕಾಣ್ತಿದೆ" ಎಂದರು ಮಾವ.

"ಅಲ್ಲ ಮಾವ, ರಾಜನ ಜಾಗಕ್ಕೆ ಬೆಕ್ಕು. ರಾಣಿ ಜಾಗಕ್ಕೂ ಬೆಕ್ಕು. ತಲೆ ಮೇಲೆ ಕಿರೀಟ, ಮೈ ಮೇಲೆ ಜರಿ ಅಂಗಿ. ಹೊಸ ಪ್ಯಾಕು ಪೂರ್ತಿ ನಾನು ಬರೆದುಕೊಡ್ತೀನಿ, ನಮ್ಮ ಪ್ರೆಸ್ಸಲ್ಲೇ ಹಾಕಿಸೋಣ. ಬೆಕ್ಕಿನ ಮುಖ ನೋಡಿ ಯಾರಾದ್ರೂ ಮನೆ ಹಾಳು ಅಂತಾರಾ?"

ಅಧ್ಯಕ್ಷರು ಎದ್ದು ಕೂತರು. ಅಳಿಯನಿಂದ ಕೆಲಸಕ್ಕೆ ಬರುವ ಮಾತು ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಸಾಹೇಬರನ್ನು ಕರೆಸಿ, ಬೀದಿಯವರನ್ನೆಲ್ಲ ಕೂರಿಸಿ, ಈ ಎಲೆಯಲ್ಲೇ ಒಂದು ಆಟ ಆಡಿ ತೋರಿಸುವುದೆಂದು ಅಲ್ಲೇ ತೀರ್ಮಾನವಾಯಿತು.

"ಎಲೆ ವಿಷಯ ನಿಮಗೆ ಚೆನ್ನಾಗಿ ಗೊತ್ತಲ್ಲ, ಅಳಿಯಂದ್ರೇ?"

"ಗೊತ್ತು."

ಇಲ್ಲಿ ಒಂದು ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಗೊತ್ತಪ್ಪ ಹುಟ್ಟಿದಾಗಿನಿಂದ ಇಸ್ಪೀಟನ್ನು ಕೈಯಲ್ಲಿ ಹಿಡಿದವನಲ್ಲ. ಅವನ ಅಜ್ಜಿ, ಎಲೆ ಮುಟ್ಟಿದರೆ ಬೆರಳು ಕೊಳೆಯುತ್ತದೆ ಎಂದು ಹೆದರಿಸಿ ಬೆಳೆಸಿದ್ದಳು. ಹೆಣ್ಣು ನೋಡಲು ಹೋದ ದಿನ ಮಾವನಾಗುವವರು "ರಮ್ಮಿ ಗೊತ್ತಾ?" ಎಂದಾಗ, ಅದು ಯಾರೋ ಬಂಧುಗಳ ಹೆಸರಿರಬೇಕೆಂದು "ಗೊತ್ತು" ಎಂದಿದ್ದ. ಆಮೇಲೆ ಮಾವ ಆಟಕ್ಕೆ ಕೂರಿಸಲು ಬಂದಾಗಲೆಲ್ಲ ಅವನಿಗೆ ಹಲ್ಲುನೋವು ಬರುತ್ತಿತ್ತು. ನೋವು ನಿಜವೆಂದು ನಂಬಿಸಲು ಒಮ್ಮೆ ಗಟ್ಟಿಮುಟ್ಟಾಗಿದ್ದ ದವಡೆ ಹಲ್ಲೊಂದನ್ನು ಎದುರು ಮನೆಯ ಹಲ್ಲಿನ ಡಾಕ್ಟರ ಹತ್ತಿರ ಕೀಳಿಸಿಕೊಂಡೂ ಬಂದಿದ್ದ.

ಮಾದರಿಗೆಂದು ಮಾವ ಒಂದು ಹಳೆಯ ಪ್ಯಾಕು ಕೊಟ್ಟು ಹೋದರು. ಗೊತ್ತಪ್ಪ ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಹರಡಿ ಪರೀಕ್ಷಿಸಿದ. ಎಲೆಗಳ ಮುಂಭಾಗ ಅವನಿಗೆ ಹಿಡಿಸಿತು. ತಿರುಗಿಸಿ ನೋಡಿ ಬೇಸರಪಟ್ಟ. ಎಲ್ಲ ಎಲೆಯ ಹಿಂದೆಯೂ ಒಂದೇ ನೀಲಿ ಬಳ್ಳಿ, ಒಂದೇ ಹೂವು.

"ಕಂಪನಿಯವರ ಸೋಮಾರಿತನ ನೋಡು" ಎಂದ ಸಂಜೆ ಹೆಂಡತಿಯ ಹತ್ತಿರ. "ಮುಂದೆ ಅಷ್ಟು ಶ್ರಮ ಪಟ್ಟಿದ್ದಾರೆ, ಹಿಂದೆ ಮಾತ್ರ ಒಂದೇ ಚಿತ್ರವನ್ನ ಪ್ಯಾಕು ತುಂಬಾ ಒತ್ತಿಬಿಟ್ಟಿದ್ದಾರೆ. ನಾನು ಹಾಗೆ ಮಾಡೋದಿಲ್ಲ."

ಹೆಂಡತಿ ಅಪ್ಪನ ತೊಡೆಯ ಮೇಲೆ ಕೂತು ಆಟ ಕಲಿತವಳು. ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಿ, "ರೀ, ಹಿಂದುಗಡೆ ಅಂದ್ರೆ..." ಎಂದಳು.

"ಗೊತ್ತು, ಗೊತ್ತು."

ಅವಳು ಮತ್ತೆ ಬಟ್ಟೆ ಮಡಚಿದಳು. ಮದುವೆಯಾದ ಹೊಸತರಲ್ಲಿ ಅವಳೂ ಮಾತು ಪೂರ್ತಿ ಮಾಡಲು ಪ್ರಯತ್ನಿಸುತ್ತಿದ್ದಳು.

ಬೆಕ್ಕಿನ ರಾಜವಂಶದ ಸುದ್ದಿ ಬೀದಿಯಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಮೊದಲು ಓನರಮ್ಮ ಮೆಟ್ಟಿಲು ಹತ್ತಿ ಬಂದರು.

"ಆಟೀನು ರಾಜ ನಮ್ಮ ಮರೀನೇ ತಾನೆ?"

"ನೋಡೋಣ ಅಮ್ಮಾ."

"ನೋಡೋದೇನಿದೆ? ಮೇಲಿನ ಮನೆ ಖಾಲಿ ಮಾಡಿಸೋ ಯೋಚನೆ ನನಗಂತೂ ಇವತ್ತಿನವರೆಗೂ ಬಂದಿಲ್ಲ."

ಅವರು ಇಳಿಯುತ್ತಿದ್ದ ಹಾಗೆ ಹಲ್ಲಿನ ಡಾಕ್ಟರು ಹತ್ತಿದರು, ಕಂಕುಳಲ್ಲಿ ಬಿಳಿ ಬೆಕ್ಕು. ಅದರ ಒಂದು ಕಣ್ಣು ನೀಲಿ, ಇನ್ನೊಂದು ಹಳದಿ. "ಆಟೀನು ರಾಜ ಅಂದ್ರೆ ಈ ಠೀವಿ ಇರಬೇಕು. ಎದುರು ಮನೆ ಗುಂಡುಕಲ್ಲಿಗೆ ಕಿರೀಟ ಹಾಕಿದ್ರೆ ಅದು ರಾಜ ಆಗೋದಿಲ್ಲ, ಕಿರೀಟ ಹಾಕಿದ ಗುಂಡುಕಲ್ಲಾಗುತ್ತೆ. ಯೋಚನೆ ಮಾಡಿ. ಮುಂದಿನ ಸಲ ಹಲ್ಲುನೋವು ಬಂದಾಗ ನಾನೇ ಬೇಕಲ್ಲ ನಿಮಗೆ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದ ಮೇಲೆ ಸಾಕಿದವರಿಗೆ ಬೆಕ್ಕು ಚಕ್ರವರ್ತಿ ಆಗುವುದರಲ್ಲಿ ತಪ್ಪಿಲ್ಲ. ಕಷ್ಟವೆಂದರೆ ಪ್ಯಾಕಿನಲ್ಲಿ ಸಿಂಹಾಸನ ಇರುವುದು ನಾಲ್ಕೇ. ಮೂಲೆಮನೆಯ ಟೈಲರನ ಬೂದು ಬೆಕ್ಕಿಗೆ ಕಿವಿ ಹರಿದಿತ್ತು, ಬಾಲ ಮುರಿದು ಸೊಟ್ಟಗಿತ್ತು. ಅದಕ್ಕೆ ಗುಲಾಮನ ಜಾಗ ಕೊಡೋಣವೆಂದು ಗೊತ್ತಪ್ಪ ಬಾಯಿ ಬಿಟ್ಟಿದ್ದೇ ತಡ, ಟೈಲರು ಹೊಲಿಗೆ ಯಂತ್ರ ನಿಲ್ಲಿಸಿದ.

"ಗುಲಾಮನಾ? ಸಾರ್, ಇದು ನನ್ನ ಮಾತನ್ನೇ ಕೇಳೋದಿಲ್ಲ. ಬೆಳಗ್ಗೆ ಇದು ಎಬ್ಬಿಸಿದಾಗ ನಾನು ಏಳಬೇಕು. ಇದು ಕೂತ ಬಟ್ಟೆ ನಾನು ಕತ್ತರಿಸೋ ಹಾಗಿಲ್ಲ. ಗಿರಾಕಿ ಬಂದ್ರೆ ನಾಳೆ ಬನ್ನಿ ಅಂತೀನಿ. ಈ ಅಂಗಡೀಲಿ ಗುಲಾಮ ಯಾರು ಅಂತ ನೀವೇ ಹೇಳಿ."

"ಅದು ಹಳೇ ಕಾಲದ ಹೆಸರು. ನಿಜವಾಗಿ ಅವನು ಸೇನಾಪತಿ. ಯುದ್ಧದಲ್ಲೇ ಕಿವಿ ಹರಿದಿರೋದು" ಎಂದು ಗೊತ್ತಪ್ಪ ಪರಿಹಾರ ಕೊಟ್ಟ. ಟೈಲರು ಸಮಾಧಾನಗೊಂಡು ಬೆಕ್ಕಿನ ಎದೆಯ ಅಳತೆ ತೆಗೆದುಕೊಟ್ಟ, ಸೇನಾಪತಿಯ ಅಂಗಿ ಚಿತ್ರದಲ್ಲಾದರೂ ಸರಿಯಾಗಿ ಕೂರಲಿ ಎಂದು.

ಆಟೀನು ರಾಜನ ಜಗಳ ಮಾತ್ರ ಬಗೆಹರಿಯಲಿಲ್ಲ. ಒಂದು ಕಡೆ ಮನೆ, ಇನ್ನೊಂದು ಕಡೆ ಹಲ್ಲು. ಗೊತ್ತಪ್ಪ ಹಳೆಯ ಎಲೆಯನ್ನೇ ದಿಟ್ಟಿಸುತ್ತಾ ಕೂತಿರುವಾಗ ಉತ್ತರ ಅದರಲ್ಲೇ ಸಿಕ್ಕಿತು. ಇಸ್ಪೀಟಿನ ರಾಜನಿಗೆ ಕಾಲಿಲ್ಲ, ಎರಡು ತಲೆ. ಮೇಲೊಂದು, ತಲೆಕೆಳಗಾಗಿ ಕೆಳಗೊಂದು. ಎರಡೂ ಒಬ್ಬನದೇ ಆಗಿರಬೇಕೆಂದು ಯಾರು ಹೇಳಿದ್ದಾರೆ? ಮೇಲಿನ ಅರ್ಧಕ್ಕೆ ಮರಿಯನ್ನು, ಕೆಳಗಿನ ಅರ್ಧಕ್ಕೆ ಡಾಕ್ಟರ ಬಿಳಿ ಬೆಕ್ಕನ್ನು ಬರೆದ. ಓನರಮ್ಮನಿಗೆ ತೋರಿಸುವಾಗ ಒಂದು ಕಡೆ ಹಿಡಿದ, ಡಾಕ್ಟರಿಗೆ ತೋರಿಸುವಾಗ ತಿರುಗಿಸಿ ಹಿಡಿದ. ಕೆಳಗಿನ ಅರ್ಧವನ್ನು ಎರಡೂ ಸಲ ಬೆರಳಿನಿಂದ ಮುಚ್ಚಿದ್ದ.

ಇಬ್ಬರೂ ಮೆಚ್ಚಿದರು, ಇಬ್ಬರೂ ಒಂದೇ ತಕರಾರು ತೆಗೆದರು.

"ಬಾಲ ಎಲ್ಲಿ?" ಎಂದರು ಓನರಮ್ಮ. "ನಮ್ಮ ಮರಿಗೆ ಇರೋ ಶೋಭೆಯೇ ಬಾಲ."

"ಬಾಲ ಕಾಣ್ತಿಲ್ಲವಲ್ಲ" ಎಂದರು ಡಾಕ್ಟರು. "ಬಾಲ ಇಲ್ಲದಿದ್ದರೆ ಬೆಕ್ಕು ಅರ್ಧ ಬೋಳು."

ಟೈಲರೂ ಕೇಳಿದ. "ಸೊಟ್ಟ ಆದ್ರೂ ಬಾಲ ಬಾಲವೇ ಸಾರ್."

ಸೊಂಟದಿಂದ ಕೆಳಗೆ ಇನ್ನೊಂದು ಬೆಕ್ಕು ಶುರುವಾಗುವ ಎಲೆಯಲ್ಲಿ ಬಾಲಕ್ಕೆ ಜಾಗ ಎಲ್ಲಿಂದ ತರುವುದು? ಬೇರೆ ಯಾರಾದರೂ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಗೊತ್ತಪ್ಪನಿಗೆ ಮಾತ್ರ ಕಂಪನಿಯವರು ಸೋಮಾರಿತನದಿಂದ ಪೋಲು ಮಾಡಿದ್ದ ಆ ಹಿಂಭಾಗ ನೆನಪಾಗಿ ಮೈ ಜುಮ್ಮೆಂದಿತು. ಬೆಕ್ಕಿನ ಮುಂದೆ ಮುಖ, ಬೆಕ್ಕಿನ ಹಿಂದೆ ಬಾಲ. ಎಲೆಯ ಮುಂದೆ ಮುಖ ಇದ್ದರೆ ಎಲೆಯ ಹಿಂದೆ ಏನಿರಬೇಕು? ಇಷ್ಟು ಸರಳವಾದ ವಿಷಯ ಇಷ್ಟು ವರ್ಷ ಯಾವ ಕಂಪನಿಗೂ ಹೊಳೆಯದೆ ಹೋಯಿತಲ್ಲ ಎಂದು ಅವನಿಗೆ ಲೋಕದ ಬಗ್ಗೆ ಕನಿಕರ ಬಂತು.

ಅವನು ಒಂದೊಂದು ಎಲೆಯ ಹಿಂದೆಯೂ ಆಯಾ ಬೆಕ್ಕಿನ ಬೆನ್ನು, ಬಾಲ ಬರೆದ. ಮರಿಯ ಪೊರಕೆ ಬಾಲ, ಡಾಕ್ಟರ ಬೆಕ್ಕಿನ ಬಿಳಿ ಬಾಲ, ಸೇನಾಪತಿಯ ಸೊಟ್ಟ ಬಾಲ. ಕೂದಲು ಕೂದಲೂ ಎಣಿಸುವ ಹಾಗೆ ಬರೆದ. ಬಣ್ಣದಲ್ಲಿ ಗೊಂದಲವಾಗದಿರಲೆಂದು ಆಟೀನಿನ ಬೆಕ್ಕುಗಳ ಬಾಲಕ್ಕೆ ಕೆಂಪು ರಿಬ್ಬನ್ನು, ಕ್ಲಾವರಿನವಕ್ಕೆ ಹಸಿರು ರಿಬ್ಬನ್ನು, ಹೀಗೆ ನಾಲ್ಕು ಮನೆತನಕ್ಕೆ ನಾಲ್ಕು ರಿಬ್ಬನ್ನು ಕಟ್ಟಿದ. ರಾಣಿಯರ ಬಾಲಕ್ಕೆ ಮಲ್ಲಿಗೆ ಮುಡಿಸಿದ, ಜೋಕರಿನ ಬಾಲಕ್ಕೆ ಗೆಜ್ಜೆ ಕಟ್ಟಿದ. ಸಂಖ್ಯೆಯ ಎಲೆಗಳಿಗೆ ಅನ್ಯಾಯವಾಗಬಾರದಲ್ಲ, ಅವುಗಳ ಹಿಂದೆ ಬೆಕ್ಕಿನ ಹೆಜ್ಜೆ ಗುರುತು ಹಾಕಿದ. ಮುಂದೆ ಏಳು ಇದ್ದರೆ ಹಿಂದೆಯೂ ಏಳು ಹೆಜ್ಜೆ, ಅದದೇ ಬಣ್ಣದಲ್ಲಿ. ಲೆಕ್ಕದಲ್ಲಿ ಮೋಸ ಇರಬಾರದು ಎನ್ನುವುದು ಅವನ ಸಿದ್ಧಾಂತ.

ಮಾಲೀಕರು ಮುಂಭಾಗ ಮುದ್ರಣವಾದ ಹಾಳೆ ನೋಡಿ ಮೊದಲ ಸಲ ಅವನ ಭುಜ ತಟ್ಟಿದರು. ಹಿಂಭಾಗ ಮಷೀನಿಗೆ ಹೋದ ದಿನ ಅವರು ಕಾಗದ ಕೊಳ್ಳಲು ಹೋಗಿದ್ದರು. ಮಷೀನು ನಡೆಸುವವನು ಬಾಲಗಳನ್ನು ನೋಡಿ, ಚಿಕ್ಕ ಮಕ್ಕಳಿಗೆ ಮುಖಕ್ಕೆ ಬಾಲ ಹೊಂದಿಸುವ ಆಟವಿರಬೇಕೆಂದುಕೊಂಡು ಸುಮ್ಮನಾದ. ಎಲೆಗಳು ಕತ್ತರಿಗೆ ಸಿಕ್ಕಿ, ಪೊಟ್ಟಣ ಸೇರಿ, ಅಂಟು ಹಚ್ಚಿಸಿಕೊಂಡು ಕ್ಲಬ್ಬಿಗೆ ಹೋದವು.

ಪ್ರದರ್ಶನದ ದಿನ ಸಾಹೇಬರು ಬಂದು ತಾವೇ ಬೀಗ ತೆಗೆದರು, ತೆಗೆದ ಬೀಗವನ್ನು ಜೇಬಿನಲ್ಲಿ ಇಟ್ಟುಕೊಂಡರು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯವರೆಲ್ಲ ಬಂದು ಆಟಗಾರರ ಬೆನ್ನ ಹಿಂದೆ, ಮಗ್ಗುಲಲ್ಲಿ, ಬೆಂಚಿನ ಮೇಲೆ ತುಂಬಿಕೊಂಡಿದ್ದರು. ಮೇಜಿನ ಸುತ್ತ ಸಾಹೇಬರು, ಅಧ್ಯಕ್ಷರು, ಹಲ್ಲಿನ ಡಾಕ್ಟರು ಮತ್ತು ಮುಖ್ಯ ಅತಿಥಿಯಾಗಿ ಪ್ರೆಸ್ಸಿನ ಮಾಲೀಕರು ಕೂತರು. ಗೊತ್ತಪ್ಪ ಮಾವನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತ. ಹೊಗಳಿಕೆ ಯಾವ ದಿಕ್ಕಿನಿಂದ ಬಂದರೂ ಹಿಡಿಯಲು ಅನುಕೂಲವಾದ ಜಾಗ ಅದು.

ಅಧ್ಯಕ್ಷರು ಹೊಸ ಪೊಟ್ಟಣ ಒಡೆದು ಎಲೆ ಕಲಸಿದರು. ಅವರು ಕಲಸುವಾಗ ಕೈ ನೋಡುವವರಲ್ಲ, ಸೂರು ನೋಡುತ್ತಾರೆ. ಅದು ಅವರ ಘನತೆ. ಹಂಚಿದ್ದೂ ಹಾಗೆಯೇ. ನಾಲ್ವರೂ ಎಲೆ ಎತ್ತಿ ಬೀಸಣಿಗೆಯ ಹಾಗೆ ಬಿಡಿಸಿದರು.

"ಭೇಷ್" ಎಂದರು ಸಾಹೇಬರು, ತಮ್ಮ ಕೈಯಲ್ಲಿದ್ದ ಕಿರೀಟಧಾರಿ ಬೆಕ್ಕನ್ನು ನೋಡಿ. "ಇದರ ಮುಖದಲ್ಲಿ ಪಾಪ ಅನ್ನೋದೇ ಇಲ್ಲ."

ಅಧ್ಯಕ್ಷರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವರು ತಮ್ಮ ಎಲೆ ನೋಡಿಕೊಂಡು ಒಂದು ದೀರ್ಘವಾದ ನಿಟ್ಟುಸಿರು ಬಿಟ್ಟರು. ಎಲೆ ತುಂಬಾ ಚೆನ್ನಾಗಿ ಬಿದ್ದಿರಬೇಕು.

"ಯಾಕೆ ನಿಟ್ಟುಸಿರು, ಅಧ್ಯಕ್ಷರೇ?" ಎಂದರು ಸಾಹೇಬರು. "ಎರಡು ರಾಣಿ, ಒಂದು ಜೋಕರು ಇಟ್ಟುಕೊಂಡಿದ್ದೀರಿ."

ಅಧ್ಯಕ್ಷರ ನಿಟ್ಟುಸಿರು ಅರ್ಧದಲ್ಲೇ ನಿಂತಿತು. "ನಿಮಗೆ ಹೇಗೆ ಗೊತ್ತಾಯ್ತು ಸಾರ್?"

"ಬಾಲ ಕಾಣ್ತಿದೆ."

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಓನರಮ್ಮನಿಗೂ ಕಂಡಿತು. "ಇಗೋ, ಸಾಹೇಬ್ರ ಕೈಲಿ ನಮ್ಮ ಮರಿ ಬಾಲ. ಆಟೀನು ರಾಜ ಸಾಹೇಬ್ರಿಗೇ ಬಂದಿರೋದು ನೋಡ್ರೀ" ಎಂದು ಅಕ್ಕಪಕ್ಕದವರಿಗೆ ತೋರಿಸಿದರು. ಟೈಲರು ಎದ್ದು ನಿಂತು, ಸೇನಾಪತಿ ಪ್ರೆಸ್ಸಿನ ಮಾಲೀಕರ ಎಡತುದಿಯಲ್ಲಿ ಇದ್ದಾನೆಂದು ಘೋಷಿಸಿದ. ಹಿಂದಿನ ಸಾಲಿನವರು ಹೆಜ್ಜೆ ಎಣಿಸಲು ಶುರು ಮಾಡಿದರು. ಡಾಕ್ಟರ ಹತ್ತಿರ ಎರಡು ನಾಲ್ಕು, ಒಂದು ಒಂಬತ್ತು, ಉಳಿದದ್ದೆಲ್ಲ ಕಸ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಗೊತ್ತಪ್ಪನ ಹೆಂಡತಿ ಮೂಲೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಎನ್ನುವುದು ಆ ಗದ್ದಲದಲ್ಲಿ ತಿಳಿಯಲಿಲ್ಲ.

ಗೊತ್ತಪ್ಪನಿಗೆ ಮೊದಲು ತುಂಬಾ ಸಂತೋಷವಾಯಿತು. ಜನ ಇಷ್ಟು ಆಸಕ್ತಿಯಿಂದ ಎಲೆಯ ಹಿಂಭಾಗ ನೋಡಿದ್ದನ್ನು ಚರಿತ್ರೆಯಲ್ಲೇ ಯಾರೂ ಕಂಡಿರಲಾರರು.

ಈಗ ಡಾಕ್ಟರ ಸರದಿ, ಕಟ್ಟಿನಿಂದ ಮೇಲಿನ ಎಲೆ ಎತ್ತಬೇಕು. ಅವರು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಎಲೆಯ ಬೆನ್ನ ಮೇಲೆ ಮೂರು ಹೆಜ್ಜೆ ಇತ್ತು.

"ಮೂರು ಅಂತ ಕಾಣ್ತಾ ಇರುವಾಗ ನಾನ್ಯಾಕೆ ಎತ್ತಲಿ? ನನಗೆ ಮೂರು ಬೇಡ."

"ನನಗೂ ಬೇಡ" ಎಂದರು ಮಾಲೀಕರು.

"ನಿಯಮ ಪ್ರಕಾರ ಎತ್ತಲೇಬೇಕು" ಎಂದರು ಅಧ್ಯಕ್ಷರು. ಅವರಿಗೆ ಅದರ ಕೆಳಗಿನ ಎಲೆಯ ಅಂಚಿನಲ್ಲಿ ಕೆಂಪು ರಿಬ್ಬನ್ನು ಕಂಡಿತ್ತು.

ಯಾರೂ ಎತ್ತಲಿಲ್ಲ. ಆ ಮೂರು ಹಾಗೇ ಕೂತಿತ್ತು, ನಾಲ್ವರು ದೊಡ್ಡ ಮನುಷ್ಯರು ಅದನ್ನು ನೋಡುತ್ತಾ ಕೂತಿದ್ದರು. ಕೊನೆಗೆ ಮುಖ್ಯ ಅತಿಥಿಯ ಮರ್ಯಾದೆಗಾಗಿ ಮಾಲೀಕರೇ ಬೇಸರ ನುಂಗಿಕೊಂಡು ಅದನ್ನು ಎತ್ತಿದರು. ಹಾಗೆ ಎತ್ತುವಾಗ ಗೊತ್ತಪ್ಪನನ್ನು ಒಂದು ಸಲ ನೋಡಿದರು. ಆ ನೋಟದಲ್ಲಿ ಅಂಟಿನ ವಾಸನೆ ಇತ್ತು. ಗೊತ್ತಪ್ಪನಿಗೆ ಆಗ, ಜೀವಮಾನದಲ್ಲಿ ಮೊದಲ ಸಲ, ಏನೋ ಎಡವಟ್ಟಾಗಿದೆ ಎಂಬ ಅನುಮಾನ ಬಂತು. ಬಿಸಿಲು ಬಿದ್ದ ಮೇಜು ಕಣ್ಣ ಮುಂದೆ ಬಂದು ಹೋಯಿತು.

ಆಟಗಾರರು ಉಪಾಯ ಹೂಡಿದರು. ಅಧ್ಯಕ್ಷರು ತಮ್ಮ ಎಲೆಗಳನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದರು. ಡಾಕ್ಟರು ಕೋಟಿನೊಳಗೆ ಸೇರಿಸಿಕೊಂಡು, ಕಾಲರ್ ಅಗಲಿಸಿ ಕುತ್ತಿಗೆಯ ಸಂದಿಯಿಂದ ನೋಡಿಕೊಳ್ಳತೊಡಗಿದರು. ಮಾಲೀಕರು ಎಲೆಯ ಮೇಲೆಯೇ ಕೂತರು.

"ಏನಿದು?" ಎಂದರು ಸಾಹೇಬರು. "ಕೈ ಯಾಕೆ ಮೇಜಿನ ಕೆಳಗೆ ಹೋಯ್ತು? ಎಲೆ ಯಾಕೆ ಅಂಗಿ ಒಳಗೆ ಹೋಯ್ತು? ನಾನು ಇಷ್ಟು ವರ್ಷದ ಸರ್ವೀಸಿನಲ್ಲಿ ನೋಡಿದ ಜೂಜುಕೋರರೆಲ್ಲ ಮಾಡ್ತಿದ್ದದ್ದು ಇದನ್ನೇ. ತೆಗೀರಿ ಮೇಲೆ."

ಎಲ್ಲರ ಎಲೆಯೂ ಮೇಲೆ ಬಂತು. ಗಾಬರಿಯಲ್ಲಿ ಕೈಗಳು ತಾಗಿ, ಸಾಹೇಬರ ಕೈಯಿಂದ ಆಟೀನು ರಾಜ ಜಾರಿ ಮೇಜಿನ ಮೇಲೆ ಮುಖ ಮೇಲಾಗಿ ಬಿತ್ತು. ಓನರಮ್ಮ ಬೆಂಚಿನಿಂದ ಇಳಿದು ಬಂದು ನೋಡಿದರು. ಮರಿ ತಲೆಕೆಳಗಾಗಿತ್ತು. ಅದರ ಮೇಲೆ ಡಾಕ್ಟರ ಬೆಕ್ಕು ಕಿರೀಟ ಹಾಕಿಕೊಂಡು ಕೂತಿತ್ತು. ಅವರು ಮಾತಾಡದೆ ಎಲೆಯನ್ನು ತಿರುಗಿಸಿ ಇಟ್ಟರು. ಡಾಕ್ಟರು ಬಗ್ಗಿ ನೋಡಿ, ಮಾತಾಡದೆ, ಮತ್ತೆ ತಿರುಗಿಸಿ ಇಟ್ಟರು. ಓನರಮ್ಮ ತಿರುಗಿಸಿದರು. ಡಾಕ್ಟರು ತಿ‌ರುಗಿಸಿದರು. ರಾಜ ಗಾಣದ ಹಾಗೆ ಸುತ್ತತೊಡಗಿದ.

ಸಾಹೇಬರು ಎಲೆಯ ಮೇಲೆ ಕೈಯಿಟ್ಟು ನಿಲ್ಲಿಸಿ, ಎದ್ದು ನಿಂತರು. ಜೇಬಿನಲ್ಲಿದ್ದ ಬೀಗವನ್ನು ಹೊರಗೆ ತೆಗೆದರು.

"ಇದನ್ನ ಬರೆದೋರು ಯಾರು?"

ಅಧ್ಯಕ್ಷರು ತಮಗೆ ಅಳಿಯನೇ ಇಲ್ಲ ಎನ್ನುವ ಹಾಗೆ ಸೂರು ನೋಡಿದರು. ಮಾಲೀಕರು ಎದ್ದರು. "ಇವರೇ ಸಾರ್. ಆದ್ರೆ ಇವರು ನಾಳೆಯಿಂದ ಬೈಂಡಿಂಗ್ ಸೆಕ್ಷನ್ನಿನಲ್ಲಿರ್ತಾರೆ."

"ಹಿಂದುಗಡೆ ಯಾಕ್ರೀ ಹೀಗೆ ಮಾಡಿದ್ರಿ?"

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಗೊತ್ತಪ್ಪ ಗಂಟಲು ಸರಿ ಮಾಡಿಕೊಂಡು ಮುಂದೆ ಬಂದ. ಏನು ತಪ್ಪಾಗಿದೆ ಎನ್ನುವುದು ಅವನಿಗೆ ಇನ್ನೂ ಸರಿಯಾಗಿ ಹೊಳೆದಿರಲಿಲ್ಲ. ಹಾಗಾಗಿ ಅವನ ದನಿಯಲ್ಲಿ ಅಳುಕೇ ಇರಲಿಲ್ಲ.

"ಸಾರ್, ಬೆಕ್ಕು ಅಂದ ಮೇಲೆ ಮುಂದೆ ಮುಖ ಇರುತ್ತೆ, ಹಿಂದೆ ಬಾಲ ಇರುತ್ತೆ. ಏಳು ಅಂದ ಮೇಲೆ ಯಾವ ಕಡೆಯಿಂದ ನೋಡಿದ್ರೂ ಏಳೇ ಇರಬೇಕು. ಮುಂದೆ ಒಂದು, ಹಿಂದೆ ಒಂದು ಅನ್ನೋದು ನನಗೆ ಬರೋದಿಲ್ಲ. ಮುಚ್ಚುಮರೆ ಮಾಡೋದು ಈ ಕೈಗೆ ಗೊತ್ತಿಲ್ಲ ಸಾರ್."

ಸಾಹೇಬರು ಅವನನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ಒದ್ದೆಯಾಯಿತು.

"ಎಲೆ ಅಂದ್ರೆ ಮುಚ್ಚಿಡೋದು, ಮುಚ್ಚಿಟ್ಟ ಕಡೆ ಮೋಸ, ಮೋಸ ಇದ್ದ ಕಡೆ ಜೂಜು. ಇದನ್ನ ಹೇಗೆ ನಿಲ್ಲಿಸೋದು ಅಂತ ಇಷ್ಟು ವರ್ಷ ಬೀಗ ಹಾಕಿ ಹಾಕಿ ಸೋತಿದ್ದೆ. ಈ ಮನುಷ್ಯ ಒಂದು ಬಾಲದಲ್ಲಿ ನಿಲ್ಲಿಸಿಬಿಟ್ಟ." ಅವರು ಬೀಗವನ್ನು ಅಧ್ಯಕ್ಷರ ಕೈಗೆ ಕೊಟ್ಟರು. "ಅಧ್ಯಕ್ಷರೇ, ಕ್ಲಬ್ಬಿಗೆ ಅನುಮತಿ ಇದೆ. ಎಷ್ಟು ಹೊತ್ತು ಬೇಕಾದ್ರೂ ಆಡಿ. ಆದ್ರೆ ಈ ಎಲೆಯಲ್ಲೇ ಆಡಬೇಕು. ನಿಮ್ಮಲ್ಲಿ ಅಷ್ಟೇ ಅಲ್ಲ, ನನ್ನ ವ್ಯಾಪ್ತಿಗೆ ಬರೋ ಪ್ರತಿಯೊಂದು ಕ್ಲಬ್ಬಿನಲ್ಲೂ ಇನ್ನು ಮುಂದೆ ಇದೇ ಎಲೆ."

ಮಾಲೀಕರು ಕ್ಲಬ್ಬುಗಳನ್ನು ಮನಸ್ಸಿನಲ್ಲೇ ಎಣಿಸಿ, ತಾವು ಆಗ ಹೇಳಿದ್ದನ್ನು ಮರೆತು ಗೊತ್ತಪ್ಪನನ್ನು ಅಪ್ಪಿಕೊಂಡರು. "ಮೇಜು ನಿಮ್ಮದು" ಎಂದು ಅವನ ಕಿವಿಯಲ್ಲಿ ಹೇಳಿದರು. ಗೊತ್ತಪ್ಪನಿಗೆ ಅಳು ಬಂತು. ಅದನ್ನು ಅವನು ಮುಚ್ಚಿಡಲೂ ಇಲ್ಲ.

ಕೋಣೆ ಖಾಲಿಯಾದ ಮೇಲೆ ಅಧ್ಯಕ್ಷರು ಬೀಗ ಹಿಡಿದುಕೊಂಡು ಒಬ್ಬರೇ ಕೂತಿದ್ದರು. ನಗಬೇಕೋ ನಿಟ್ಟುಸಿರು ಬಿಡಬೇಕೋ ಎನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ. ಎರಡರಿಂದಲೂ ಇನ್ನು ಉಪಯೋಗವಿರಲಿಲ್ಲ.

"ಅಳಿಯಂದ್ರೇ" ಎಂದರು, "ನಿಮ್ಮ ದೆಸೆಯಿಂದ ಬಾಗಿಲು ತೆರೀತು, ಆಟ ಮುಚ್ಚಿಹೋಯ್ತು."

"ಹೋಗ್ಲಿ ಬಿಡಪ್ಪಾ" ಎಂದಳು ಮಗಳು. "ಇನ್ನು ಅವರೂ ನಿನ್ನ ಜೊತೆ ಆಡಬಹುದು. ಹಲ್ಲಾದ್ರೂ ಉಳಿಯುತ್ತೆ." ಗೊತ್ತಪ್ಪ ಅವಳನ್ನು ನೋಡಿದ. ಇವಳಿಗೆ ಎಷ್ಟು ವರ್ಷದಿಂದ ತಿಳಿದಿತ್ತೋ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಕಟಿಂಗ್ ಮಷೀನಿನ ಆರ್ಡರನ್ನು ಮಾಲೀಕರು ರದ್ದು ಮಾಡಿದರು. ಕಿಟಕಿ ಪಕ್ಕದ ಮೇಜಿಗೆ ಹೊಸ ಪಾಲಿಶ್ ಬಂತು. ಗೊತ್ತಪ್ಪ ಅದರ ಮುಂದೆ ಒಂದು ವಾರ ಮಹಾರಾಜನ ಹಾಗೆ ಕೂತಿದ್ದ. ಆಮೇಲೆ ಬೇರೆ ಬೇರೆ ಕ್ಲಬ್ಬುಗಳ ಅಧ್ಯಕ್ಷರು ಬರತೊಡಗಿದರು. ಕಡ್ಡಾಯವಾಗಿ ಬೆಕ್ಕಿನ ಎಲೆಯಲ್ಲೇ ಆಡಬೇಕೆಂದ ಮೇಲೆ ಬೇರೆ ಬೀದಿಯ ಬೆಕ್ಕು ಯಾಕೆ, ನಮ್ಮ ಬೆಕ್ಕೇ ರಾಜನಾಗಲಿ ಎಂದು ಪ್ರತಿಯೊಬ್ಬರೂ ಬುಟ್ಟಿಯಲ್ಲಿ ಒಂದೊಂದನ್ನು ತಂದಿದ್ದರು. ಚಿತ್ರಕ್ಕೆ ಕೂರಿಸಲು ಬುಟ್ಟಿಯಿಂದ ತೆಗೆದರೆ ಬೆಕ್ಕುಗಳು ಪ್ರೆಸ್ಸನ್ನೆಲ್ಲ ಒಂದು ಸುತ್ತು ನೋಡಿ, ಬಿಸಿಲು ಬೀಳುವುದು ಎಲ್ಲಿ ಎಂದು ಕಂಡುಕೊಂಡವು. ಪಾಲಿಶ್ ಮಾಡಿದ ಮೇಜಿನ ಮೇಲೆ ಒಂದು, ಕುರ್ಚಿಯ ಮೇಲೆ ಒಂದು, ಕಿಟಕಿಯ ಕಟ್ಟೆಯ ಮೇಲೆ ಮೂರು ಮಲಗಿದವು. ಎಬ್ಬಿಸಲು ಹೋದವನಿಗೆ ಮಾಲೀಕರು, "ಗಿರಾಕಿಗಳ ಬೆಕ್ಕು ಕಣ್ರೀ, ಮುಟ್ಟಬೇಡಿ" ಎಂದರು.

ಗೊತ್ತಪ್ಪ ಚಿತ್ರ ಬರೆಯುವ ಹಲಗೆ ಎತ್ತಿಕೊಂಡು ಮೊದಲು ಮಷೀನಿನ ಮಗ್ಗುಲಿಗೆ ಸರಿದ. ಅಲ್ಲಿ ಸದ್ದು ಜಾಸ್ತಿ. ಕಾಗದದ ರಾಶಿಯ ಹತ್ತಿರ ಹೋದ, ಅಲ್ಲಿ ಜನ ಓಡಾಡುತ್ತಾರೆ. ಕೊನೆಗೆ ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ಒಂದು ಸ್ಟೂಲು ಸಿಕ್ಕಿತು. ಪೊಟ್ಟಣಗಳಿಗೆ ಬೇಡಿಕೆ ವಿಪರೀತವಾಗಿ ಅಲ್ಲಿಯವರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. "ಹೇಗೂ ಕೂತಿದ್ದೀರಲ್ಲ" ಎಂದು ಅವರು ಒಂದು ಡಬ್ಬ ಅಂಟು, ಒಂದು ಬ್ರಷ್ಷು ಅವನ ಪಕ್ಕದಲ್ಲಿಟ್ಟರು.

ಮೊನ್ನೆ ಒಂದು ದೂರದ ಕ್ಲಬ್ಬಿನವರು ಅವನನ್ನು ನೋಡಲೆಂದೇ ಬಂದಿದ್ದರು. ಇಷ್ಟು ದೊಡ್ಡ ಕಲಾವಿದರು ಎಲ್ಲಿ ಕೂತು ಬರೆಯುತ್ತಾರೆ ಎಂದು ತಿಳಿಯುವ ಆಸೆ ಅವರಿಗೆ. ಗೊತ್ತಪ್ಪ ಹಚ್ಚುತ್ತಿದ್ದ ಪೊಟ್ಟಣವನ್ನು ಕೆಳಗಿಟ್ಟು ಎದ್ದು ನಿಂತ. ಅಂಟು ತೊಟ್ಟಿಕ್ಕುತ್ತಿದ್ದ ಬ್ರಷ್ಷನ್ನು ಕಿಟಕಿಯ ಕಡೆ ಚಾಚಿ, ಬಿಸಿಲಿನಲ್ಲಿ ಕಾಲು ನೀಡಿ ಮಲಗಿದ್ದ ದಪ್ಪ ಬೆಕ್ಕೊಂದನ್ನು ತೋರಿಸಿ, ಎದೆಯುಬ್ಬಿಸಿ ಹೇಳಿದ:

"ಅದು ಮಲಗಿದೆಯಲ್ಲ, ಅದೇ ನನ್ನ ಮೇಜು."